ತುಂಬಬಾರದಿದ್ದ ಪೀಪಾಯಿ

ಸಾನ್‌ಲೂಕರ್, ಸ್ಪೇನ್
ಜೂನ್ ೫, ಗುರುವಾರ

ಪ್ರೀತಿಯ ರೊನ್ಯಾ ಅಕ್ಕಾ,

ಲಕೋಟೆ ನೋಡಿ ಗಾಬರಿಯಾಗಬೇಡ. ನಮ್ಮ ಮನೆಗೆ ಕೈಬರಹದ ಕಾಗದ ಬರುವುದು ಯಾರಾದರೂ ಸತ್ತಾಗ ಮಾತ್ರ ಅಂತ ನನಗೂ ಗೊತ್ತು. ಇಲ್ಲಿ ಯಾರೂ ಸತ್ತಿಲ್ಲ. ನಾನು ಚೆನ್ನಾಗಿದ್ದೇನೆ. ಬಿಸಿಲಿಗೆ ಮೂಗಿನ ಚರ್ಮ ಸುಲಿದಿದೆ, ಅಷ್ಟೇ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ಊಟ ಆಯ್ತಾ, ಬಟ್ಟೆ ಒಗೆದುಕೊಂಡೆಯಾ ಅಂತ ಶುರು ಮಾಡುತ್ತೀಯ. ಹಿಂದೆ ಅಪ್ಪನ ಕೆಮ್ಮು ಕೇಳಿಸುತ್ತದೆ. ಹೇಳಬೇಕಾದದ್ದು ಹೇಳದೆಯೇ ಫೋನ್ ಇಟ್ಟುಬಿಡುತ್ತೇನೆ. ಹತ್ತನೇ ತರಗತಿ ಮುಗಿಸಿದ ಮೇಲೆ ಇಷ್ಟುದ್ದ ಏನನ್ನೂ ಬರೆದವನಲ್ಲ ನಾನು. ತಪ್ಪಿದ್ದರೆ ನಗಬೇಡ.

ನಾನು ಇರುವ ಮನೆಯ ಯಜಮಾನಿ ರೆಮೆ ಆಗಲೇ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. "ಯಾವ್ ಹುಡುಗಿಗೋ ಅದು, ಬಂಗಾರಾ?" ಅಂದರು. ಅಕ್ಕನಿಗೆ ಅಂದೆ. "ಅಕ್ಕಂಗೆ ಇಷ್ಟುದ್ದಾನಾ? ಹಂಗಾದ್ರೆ ಏನೋ ಕಿತಾಪತಿ ಮಾಡಿದೀಯ ಬಿಡು" ಅಂತ ನಕ್ಕುಕೊಂಡು ಅಡುಗೆಮನೆಗೆ ಹೋದರು. ಈಗ ಅಲ್ಲಿಂದ ಬೆಳ್ಳುಳ್ಳಿ ಕರಿಯುವ ವಾಸನೆ ಬರುತ್ತಿದೆ.

ದಿನಚರಿ ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಭಾಷೆಯ ತರಗತಿ, ಮಧ್ಯಾಹ್ನದ ಮೇಲೆ ವೈನ್ ಉಗ್ರಾಣದಲ್ಲಿ ತರಬೇತಿ. ತರಗತಿಯಲ್ಲಿರುವವರೆಲ್ಲ ನನ್ನಂಥವರೇ, ಯಾವುದಾದರೊಂದು ಕಸುಬು ಕಲಿತು ಬಂದವರು. ಒಬ್ಬಳು ಪೋಲೆಂಡಿನವಳು ಹೋಟೆಲಿನ ಅಡುಗೆಮನೆಯಲ್ಲಿದ್ದಾಳೆ, ಒಬ್ಬ ಹಾಲೆಂಡಿನವನು ದನದ ಡಾಕ್ಟರ ಹತ್ತಿರ. ನಮ್ಮ ಟೀಚರ್ ಇನ್ಮಾ ಪುಸ್ತಕ ಮುಟ್ಟುವುದೇ ಅಪರೂಪ. ದಿನಾ ಬೆಳಿಗ್ಗೆ ಒಬ್ಬೊಬ್ಬರನ್ನೂ ಎಬ್ಬಿಸಿ, ನಿನ್ನೆ ಕೆಲಸದಲ್ಲಿ ಏನು ಮಾಡಿದೆ ಹೇಳು ಅನ್ನುತ್ತಾರೆ. ಮೊದಮೊದಲು ನನ್ನ ಉತ್ತರ ಒಂದೇ.

"ಕಿಲಿಯನ್, ನಿನ್ನೆ ಏನ್ ಮಾಡ್ದೆ?"

"ಪೀಪಾಯಿ ತೊಳೆದೆ."

"ಮೊನ್ನೆ?"

"ಪೀಪಾಯಿ ತೊಳೆದೆ."

"ಅಯ್ಯೋ ನಿನ್ನ! ಒಂದಿನ ಬೇರೆ ಏನಾದ್ರೂ ಮಾಡ್ಕೊಂಡ್ ಬಾರಪ್ಪಾ. ನಿಂಗೆ ಹೊಸ ಮಾತು ಕಲಿಸಕ್ಕೇ ಆಗ್ತಿಲ್ಲ."

ಕೊನೆಗೊಂದು ದಿನ ಬೇರೆ ಏನೋ ಮಾಡಿದೆ, ಅಕ್ಕಾ. ಅದನ್ನು ನಿನಗೆ ಇದುವರೆಗೆ ಹೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಆದದ್ದು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಮನೆಗೆ ಹೋಗಿದ್ದರು. ಇಲ್ಲಿ ಊಟಕ್ಕೆ ಹೋದವರು ಮಲಗಿ ಎದ್ದೇ ಬರುವುದು. ನನಗೆ ನಿದ್ದೆ ಬರುವುದಿಲ್ಲ, ಸುಮ್ಮನೆ ಕೂರುವುದೂ ಆಗುವುದಿಲ್ಲ. ನಿನಗೆ ಗೊತ್ತಲ್ಲ, ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಉಗ್ರಾಣದೊಳಗೆ ತಂಪಿತ್ತು. ಹಳೆಯ ಪೀಪಾಯಿಗಳ ಸಾಲಿನಲ್ಲಿ ಒಂದರ ಬಿರಡೆ ಸಡಿಲವಾಗಿದ್ದ ಹಾಗೆ ಕಂಡಿತು. ತೆಗೆದು ಬೆರಳು ಹಾಕಿದೆ.

ಬೆರಳು ಹಾಕುವುದು ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ. ಪ್ರತಿ ಶನಿವಾರ ನಾವಿಬ್ಬರೂ ಸ್ಟೂಲು ಹತ್ತಿಕೊಂಡು ಮಾಡುತ್ತಿದ್ದ ಕೆಲಸವೇ ಅದು. "ಉಗುರು ಒದ್ದೆಯಾಗ್ಬೇಕು. ಆಗ್ಲಿಲ್ಲ ಅಂದ್ರೆ ಗಾಳಿ ಸೇರಿದೆ. ಗಾಳಿ ಸೇರಿದ್ರೆ ವೈನ್ ಹೋಯ್ತು" ಅಂತ ಅಪ್ಪ ಕೆಳಗಿನಿಂದ ಕೂಗುತ್ತಿದ್ದರು. ನನ್ನ ಬೆರಳು ಪೂರ್ತಿ ಇಳಿಯಿತು, ಉಗುರು ಒಣಗಿಯೇ ಇತ್ತು. ಟಾರ್ಚ್ ಹಾಕಿ ನೋಡಿದರೆ ಎರಡು ಮುಷ್ಟಿಯಷ್ಟು ಜಾಗ ಖಾಲಿ. ಅಷ್ಟೇ ಅಲ್ಲ, ವೈನಿನ ಮೇಲೆ ಬಿಳೀ ಪೊರೆ. ಕೆನೆಗಟ್ಟಿದ ಹಾಲಿನ ಹಾಗೆ, ಸುಕ್ಕುಸುಕ್ಕಾಗಿ. ನಮ್ಮ ಮನೆಯಲ್ಲಿ ಅಂಥ ಪೊರೆ ಕಂಡ ದಿನ ಅಪ್ಪ ಯಾರ ಜೊತೆಯೂ ಮಾತಾಡಿರಲಿಲ್ಲ, ನೆನಪಿದೆಯಾ? ಇವರಿಗೆ ಗೊತ್ತೇ ಆಗಿಲ್ಲ, ವೈನಿಗೆ ರೋಗ ಹಿಡಿದಿದೆ, ಅವರು ಬರುವಷ್ಟರಲ್ಲಿ ಸರಿಮಾಡಿಬಿಡೋಣ ಅಂದುಕೊಂಡೆ. ಹೊಸ ವೈನಿನ ತೊಟ್ಟಿಯಿಂದ ರಬ್ಬರ್ ಪೈಪು ಎಳೆದು, ಬಾಯಿಯವರೆಗೂ ತುಂಬಿಸಿದೆ. ಆ ಬಿಳೀ ಪೊರೆಯೆಲ್ಲ ಉಕ್ಕಿ ಹೊರಗೆ ಹರಿಯಿತು. ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದೆ. ಬೆರಳು ಹಾಕಿದೆ. ಉಗುರು ಒದ್ದೆಯಾಯಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಪಕ್ಕದ ಪೀಪಾಯಿಯ ಬಿರಡೆಗೂ ಕೈ ಹಾಕಿದ್ದೆ.

ಅಷ್ಟರಲ್ಲಿ ಚಾನೊ ಬಂದ. ಚಾನೊ ಅಂದರೆ ಉಗ್ರಾಣದ ಆಳು. ನಲವತ್ತು ದಾಟಿದೆ, ಬಾಯಿ ಮಾತ್ರ ಹದಿನಾರರ ಹುಡುಗನದು. ಅವನು ನೆಲ ನೋಡಿದ, ಬಟ್ಟೆ ನೋಡಿದ, ನನ್ನ ಮುಖ ನೋಡಿದ. ಓಡಿಹೋಗಿ ಮೇಸ್ತ್ರಿ ಎವಾರಿಸ್ತೊ ಅವರನ್ನು ನಿದ್ದೆಯಿಂದ ಎಬ್ಬಿಸಿ ಕರೆದುಕೊಂಡು ಬಂದ.

ಇಲ್ಲಿನ ವೈನಿಗೆ ಆ ಪೊರೆಯೇ ಜೀವ, ಅಕ್ಕಾ. ಅದನ್ನು ಅವರು ಹೂವು ಅನ್ನುತ್ತಾರೆ. ಹೂವು ಉಸಿರಾಡಲಿ ಅಂತಲೇ ಪೀಪಾಯಿಯಲ್ಲಿ ಜಾಗ ಬಿಡುತ್ತಾರೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಈ ಊರಿನಲ್ಲಿ ನಡೆಯಲು ಕಲಿತ ಮಗುವಿಗೂ ಅದು ಗೊತ್ತು, ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಎವಾರಿಸ್ತೊ ಬಿರಡೆ ತೆಗೆದು ಬಗ್ಗಿ ನೋಡಿದರು.

"ಯಾರು ಹೇಳಿದ್ರು ನಿಂಗೆ ತುಂಬ್ಸು ಅಂತ?" ಅಂದರು.

"ಯಾರೂ ಇಲ್ಲ. ನಮ್ಮಪ್ಪ ಹೀಗೇ ಮಾಡ್ತಾರೆ."

"ಎಲ್ಲಿದಾರೆ ನಿಮ್ಮಪ್ಪ?"

"ಮನೇಲಿ. ಜರ್ಮನಿಲಿ."

"ಅಲ್ಲಿಂದ ಇಲ್ಲೀಗಂಟ ಕೈ ಚಾಚಿದಾರಲ್ಲೋ ಪುಣ್ಯಾತ್ಮ!"

ಚಾನೊ ನಕ್ಕ. ಎವಾರಿಸ್ತೊ ನಗಲಿಲ್ಲ. ಆಮೇಲೆ ಬೈದರು. ನನಗೆ ಅರ್ಧ ಅರ್ಥವಾಯಿತು, ಅರ್ಧ ಚಾನೊನ ಮುಖ ನೋಡಿ ತಿಳಿದುಕೊಂಡೆ. ಅವರ ತಾತನ ಕಾಲದಿಂದ ಆ ಪೀಪಾಯಿಯಲ್ಲಿ ಹೂವು ಸತ್ತಿರಲಿಲ್ಲವಂತೆ. ಬೈದು ಮುಗಿದ ಮೇಲೆ ನಾನು ಚೀಲ ತೆಗೆದುಕೊಂಡು ಬಾಗಿಲ ಕಡೆ ಹೊರಟೆ. ಊರಿಗೆ ಕಳಿಸಿಬಿಡುತ್ತಾರೆ ಅಂತಲೇ ನನಗೆ ಖಾತ್ರಿಯಾಗಿತ್ತು.

"ಎಲ್ಲಿಗ್ ಹೊಂಟೆ?" ಅಂದರು.

"ಮನೆಗೆ."

"ಊಟ ಮಾಡಿದೀಯಾ?"

"ಇಲ್ಲ."

"ಮಾಡ್ಕೊಂಡ್ ಹೋಗು. ಹೋಗೋದಾದ್ರೆ."

ಅವರ ಮನೆಗೇ ಕರೆದುಕೊಂಡು ಹೋದರು. ಆಲೂಗಡ್ಡೆ, ಈರುಳ್ಳಿ, ಎಣ್ಣೆ, ವಿನೆಗರ್. ಜೊತೆಗೆ ಹುರಿದ ಮೀನು. ಅವರ ಹೆಂಡತಿ ನನ್ನ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು. ಊಟ ಮುಗಿಯುವ ಹೊತ್ತಿಗೆ ಎವಾರಿಸ್ತೊ ತಮ್ಮ ಮೊದಲ ವರ್ಷದ ಪೆದ್ದುತನವನ್ನು ಹೇಳಿಕೊಂಡು ತಾವೇ ನಗುತ್ತಿದ್ದರು. ಮರುದಿನ ಆ ಪೀಪಾಯಿಯ ಮುಂಭಾಗದ ಮೇಲೆ ಸೀಮೆಸುಣ್ಣದಲ್ಲಿ ಓರೆಯಾಗಿ ಒಂದು ಗೆರೆ ಎಳೆದರು. ಅಂದರೆ ಇನ್ನು ಅದು ಆ ಸಾಲಿನದಲ್ಲ, ಬೇರೆ ಕೋಣೆಗೆ ಹೋಗಿ ಬೇರೆ ಥರದ ವೈನಾಗಬೇಕು. ಒಳ್ಳೆಯದಾಗುತ್ತದೋ ಕೆಡುತ್ತದೋ ಹೇಳಲು ವರ್ಷಗಳೇ ಬೇಕು. ಆ ವಿಷಯ ಮತ್ತೆ ಎತ್ತಲಿಲ್ಲ. ಚಾನೊ ಮಾತ್ರ ಅವತ್ತಿನಿಂದ ನನ್ನನ್ನು ತುಂಬಣ್ಣ ಅಂತಲೇ ಕರೆಯುವುದು. ಬಾರಿಗೆ ಹೋದರೆ, "ಇವನ್ ಗ್ಲಾಸಿಗೆ ಅರ್ಧ ಹಾಕಪ್ಪಾ ಸಾಕು, ಮಿಕ್ಕಿದ್ದು ಇವ್ನೇ ತುಂಬ್ಕೋತಾನೆ" ಅನ್ನುತ್ತಾನೆ.

ಇದನ್ನೆಲ್ಲ ಯಾಕೆ ಇಷ್ಟು ಬರೆದೆ ಅಂದರೆ, ಅವತ್ತು ಆ ಊಟದ ಮೇಜಿನಲ್ಲಿ ನನಗೆ ಏನೋ ಆಯಿತು, ಅಕ್ಕಾ. ನಮ್ಮ ದ್ರಾಕ್ಷಿ ತೋಟದಲ್ಲಿ ಬಳ್ಳಿಯ ಒಂದು ಕುಡಿ ತಪ್ಪಾಗಿ ಕತ್ತರಿಸಿದರೆ ಅಪ್ಪ ವಾರಗಟ್ಟಲೆ ಮಾತು ಬಿಡುತ್ತಿದ್ದರು. ಬೈದರೆ ಸಾಕು ಅಂತ ನಾನು ಕಾಯುತ್ತಿದ್ದೆ. ಇಲ್ಲಿ ಬೈಗುಳ ಮುಗಿದರೆ ಮುಗಿಯಿತು. ಇನ್ನೊಂದು ಮಾತು, ನಗಬೇಡ: ಈ ಭಾಷೆಯಲ್ಲಿ ಅಪ್ಪ ನನ್ನನ್ನು ಒಂದು ಸಲವೂ ಬೈದಿಲ್ಲ. ಈ ಭಾಷೆಯಲ್ಲಿ ಮಾತಾಡುವಾಗ ನನ್ನ ಬಿಗಿದ ಹೆಗಲು ತಾನಾಗಿಯೇ ಸಡಿಲವಾಗುತ್ತದೆ. ರಾತ್ರಿ ಕನಸಿನಲ್ಲಿ ಜರ್ಮನ್ ಕೇಳಿದರೆ ಬೆಚ್ಚಿ ಏಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ತರಬೇತಿ ಜುಲೈ ಕೊನೆಗೆ ಮುಗಿಯುತ್ತದೆ. ಸೆಪ್ಟೆಂಬರ್ ಒಂದಕ್ಕೆ ನೀನು ಹಡಗು ಹತ್ತಬೇಕು. ಅದಕ್ಕೆ ಮೊದಲು ನಾನು ಮನೆಯಲ್ಲಿರಬೇಕು, ತೋಟವನ್ನೂ ಕೊಯ್ಲನ್ನೂ ನಾನು ವಹಿಸಿಕೊಂಡ ಮೇಲೆ ಅಪ್ಪನಿಗೆ ನಿನ್ನ ವಿಷಯ ಹೇಳೋಣ. ಇದು ನಮ್ಮಿಬ್ಬರ ಒಪ್ಪಂದ, ನಾನು ಮರೆತಿಲ್ಲ. ಎಷ್ಟು ಜನ ಹಡಗಿನವರು ಹುಡುಗಿ ಬೇಡ ಅಂದ ಮೇಲೆ ಸ್ವಂತ ಸರಕು ಹಡಗು ನಡೆಸುವ ಆ ಗಂಡ ಹೆಂಡತಿ ನಿನ್ನನ್ನು ಕೆಲಸ ಕಲಿಯಲು ಸೇರಿಸಿಕೊಂಡರು ಅಂತಲೂ ಗೊತ್ತು. ಚಿಕ್ಕವಳಿದ್ದಾಗ ತೋಟದ ಇಳಿಜಾರಿನಲ್ಲಿ ಬುಟ್ಟಿ ಕೆಳಗಿಟ್ಟು, ಮೈನ್ ನದಿಯಲ್ಲಿ ಹೋಗುವ ಸರಕು ಹಡಗುಗಳ ಹೆಸರು ಗಟ್ಟಿಯಾಗಿ ಓದುತ್ತಿದ್ದೆಯಲ್ಲ, ಅದೂ ಕಣ್ಣ ಮುಂದಿದೆ.

ಆದರೆ ಎವಾರಿಸ್ತೊ ನನ್ನನ್ನು ಇನ್ನೊಂದು ವರ್ಷ ಇಲ್ಲೇ ಇರು ಅಂದಿದ್ದಾರೆ. ಸಂಬಳದ ಕೆಲಸ. ಇಂಥದ್ದು ಮತ್ತೆ ಸಿಗುವುದಿಲ್ಲ. ಹಡಗಿನವರನ್ನು ಒಂದು ವರ್ಷ ಕಾಯಿರಿ ಅಂತ ಕೇಳಲು ಆಗುತ್ತದಾ? ಒಂದೇ ವರ್ಷ. ಮುಂದಿನ ಕೊಯ್ಲಿಗೆ ಖಂಡಿತ ಬರುತ್ತೇನೆ. ಯೋಚಿಸಿ ಹೇಳು.

ರೆಮೆ ಊಟಕ್ಕೆ ಕರೆಯುತ್ತಿದ್ದಾರೆ. ನಾಳೆ ಅಂಚೆಗೆ ಹಾಕುತ್ತೇನೆ.

ಜೂನ್ ೮, ಭಾನುವಾರ

ಅಂಚೆಗೆ ಹಾಕಲಿಲ್ಲ. ಸ್ಟಾಂಪು ಇರಲಿಲ್ಲ ಅಂತ ಬರೆಯಲು ಹೊರಟಿದ್ದೆ. ಸ್ಟಾಂಪು ಇತ್ತು.

ಶುಕ್ರವಾರ ಇಡೀ ದಿನ ಲಕೋಟೆ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಕಾಗದ ತಲುಪುವುದು ತಡವಾಗುತ್ತದೆ ಅಂತ ನೆಪ ಹೇಳಿಕೊಂಡು ನಿನ್ನೆ ಬೆಳಿಗ್ಗೆ ನಿನಗೆ ಫೋನ್ ಮಾಡಿದೆ. ನಾನು ಕೇಳಿದ್ದು ಇಷ್ಟೇ: "ಅಕ್ಕಾ, ಅಕಸ್ಮಾತ್ ನಾನು ಇನ್ನೂ ಸ್ವಲ್ಪ ದಿನ ಇಲ್ಲೇ ಇರೋ ಹಾಗಾದ್ರೆ..." ವಾಕ್ಯ ಮುಗಿಸಿರಲಿಲ್ಲ. ನೀನು "ಆಯ್ತು" ಅಂದೆ. ಎಷ್ಟು ದಿನ ಅಂತ ಕೇಳಲಿಲ್ಲ, ಯಾಕೆ ಅಂತ ಕೇಳಲಿಲ್ಲ. ಆಮೇಲೆ ನಮ್ಮ ಬೆಕ್ಕು ಮರಿ ಹಾಕಿದ್ದು ಹೇಳಿದೆ, ಆಲಿಕಲ್ಲು ಬಿದ್ದದ್ದು ಹೇಳಿದೆ. ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಆದರೂ ಖುಷಿಯಾಗಲಿಲ್ಲ.

ಸಂಜೆ ಚಾನೊ ಜೊತೆ ಬಾರಿಗೆ ಹೋದೆ. ಎರಡು ದಿನದಿಂದ ಮೂಡಣ ಗಾಳಿ ಬೀಸುತ್ತಿತ್ತು. ಆ ಗಾಳಿ ಬಂದರೆ ಇಲ್ಲಿಯವರಿಗೆ ತಲೆ ಕೆಡುತ್ತದೆ, ಎಲ್ಲರ ನಾಲಿಗೆಯೂ ಚುರುಕಾಗುತ್ತದೆ. ಸೀಗಡಿ ಹಾಕಿದ ತೆಳ್ಳನೆಯ ಕರಿದ ದೋಸೆ ತರಿಸಿದೆವು. ನಾನು ದೊಡ್ಡ ಸುದ್ದಿಯ ಹಾಗೆ ಹೇಳಿದೆ, ಊರಿಗೆ ಹೋಗುತ್ತಿಲ್ಲ ಅಂತ.

"ತೋಟ?" ಅಂದ ಚಾನೊ.

"ಅಕ್ಕ ಇದಾಳೆ."

"ಮೊನ್ನೆ ಹಡಗು ಗಿಡಗು ಅಂತಿದ್ಯಲ್ಲೋ, ಅವಳೇ ಅಲ್ವಾ?"

"ಹೂಂ. ಅವಳು ಒಪ್ಕೊಂಡ್ಳು. ಮುಂದಿನ ವರ್ಷ ಹೋಗ್ತಾಳೆ."

"ಏನಂತ ಕೇಳಿದೆ ಅವಳ್ನ?"

"ಪೂರ್ತಿ ಕೇಳೋಕೆ ಮುಂಚೇನೇ ಆಯ್ತು ಅಂದ್ಳು. ಅವಳು ಯಾವಾಗ್ಲೂ ಹಂಗೇ."

ಚಾನೊ ದೋಸೆಯ ತುಂಡು ಕೈಯಲ್ಲೇ ಹಿಡಿದು ಇಡೀ ಬಾರಿಗೆ ಕೇಳಿಸುವ ಹಾಗೆ ಕೂಗಿದ. "ಏ ಕೇಳ್ರಪ್ಪೋ! ನಮ್ ತುಂಬಣ್ಣ ಈಗ ಅಕ್ಕನ್ನೂ ಉಸಿರಾಡಕ್ಕೆ ಜಾಗ ಬಿಡ್ದಂಗೆ ತುಂಬ್ತಾವ್ನೆ!" ಎರಡು ಮೂರು ಜನ ನಕ್ಕರು. ಅವರಿಗೆ ಏನೂ ಅರ್ಥವಾಗಿರಲಿಲ್ಲ, ಚಾನೊ ಕೂಗಿದರೆ ನಗುವುದು ಅಲ್ಲಿ ರೂಢಿ. ಆಮೇಲೆ ನನ್ನ ಕಡೆ ಬಗ್ಗಿ ದನಿ ತಗ್ಗಿಸಿ ಅಂದ, "ಅಪ್ಪನ್ ಹತ್ರ ಬಾಯ್ ಬಿಡಕ್ಕೆ ಧೈರ್ಯ ಇಲ್ಲ, ಅದಕ್ಕೆ ಅಕ್ಕನ್ ತಲೆ ಮೇಲೆ ಕಟ್ತಿದೀಯ. ಭಾರೀ ಗಂಡಸು ಕಣಯ್ಯಾ ನೀನು!"

ನನಗೆ ಎಷ್ಟು ಸಿಟ್ಟು ಬಂತು ಅಂದರೆ ಗ್ಲಾಸು ಅಲ್ಲೇ ಕುಕ್ಕಿ ಎದ್ದೆ. ನಿನಗೇನು ಗೊತ್ತು ನಮ್ಮ ಮನೆ ವಿಷಯ, ನಿಮ್ಮಪ್ಪ ನಿನಗೆ ಸೈಕಲ್ ಕೊಡಿಸಿ ಮುದ್ದು ಮಾಡಿ ಸಾಕಿದ್ದಾರೆ ಅಂತೆಲ್ಲ ಅಂದೆ. ಅದೂ ಸ್ಪ್ಯಾನಿಷ್‌ನಲ್ಲಿ, ಒಂದೂ ತಡವರಿಸದೆ. ಚಾನೊ ನನ್ನನ್ನೇ ನೋಡುತ್ತಾ, "ಸಿಟ್ಟಲ್ಲಿ ಎಷ್ಟ್ ಚೆನ್ನಾಗ್ ಮಾತಾಡ್ತೀಯೋ! ಇನ್ಮಾಗೆ ಹೇಳ್ಬೇಕು" ಅಂದ. ನಾನು ಹೊರಗೆ ಬಂದುಬಿಟ್ಟೆ.

ಗಾಳಿಯಲ್ಲಿ ಮರಳು ಮುಖಕ್ಕೆ ಹೊಡೆಯುತ್ತಿತ್ತು. ನದಿ ಸಮುದ್ರ ಸೇರುವಲ್ಲಿಯವರೆಗೆ ನಡೆದೆ. ಚಾನೊಗೆ ಇನ್ನೂ ಏನೇನು ಹೇಳಬೇಕಿತ್ತು ಅಂತ ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಜೋಡಿಸುತ್ತಾ ಹೋದ ಹಾಗೆಲ್ಲ ನಿನ್ನ "ಆಯ್ತು"ಗಳೇ ನೆನಪಿಗೆ ಬಂದವು. ನಿನಗೆ ಹಾಂಬುರ್ಗ್‌ನಲ್ಲಿ ಕೆಲಸ ಸಿಕ್ಕಿ ರೂಮು ಮಾಡಿಕೊಂಡಿದ್ದಾಗ, ಇಳಿಜಾರಿನಲ್ಲಿ ಟ್ರಾಕ್ಟರ್ ಮಗುಚಿ ಅಪ್ಪನ ಭುಜ ಮುರಿಯಿತು. ಅಮ್ಮ ಫೋನ್ ಮಾಡಿದರು. ನೀನು ಆಯ್ತು ಅಂದೆ, ಮರುದಿನವೇ ಬಂದೆ. ನನ್ನ ಕಸುಬಿನ ಕಲಿಕೆ ಮುಗಿಯುವವರೆಗೆ ಇರು ಅಂದರು, ಆಯ್ತು ಅಂದೆ. ನನಗೆ ಸ್ಪೇನಿಗೆ ಹೋಗುವ ಅವಕಾಶ ಬಂತು, ಆಯ್ತು ಹೋಗಿಬಾ ಅಂದೆ. ಬಸ್ಸಿನ ಕಿಟಕಿಯಿಂದ ನೋಡಿದಾಗ ನೀನು ಗಂಬೂಟ್ಸ್ ಹಾಕಿಕೊಂಡೇ ಕೈ ಬೀಸುತ್ತಿದ್ದೆ, ಬಳ್ಳಿ ಕಟ್ಟುವ ಕೆಲಸ ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದೆ. ನಿನ್ನನ್ನು ಒಂದು ಸಲವಾದರೂ ಯಾರಾದರೂ ನಿನಗೇನು ಬೇಕು ಅಂತ ಕೇಳಿದ್ದಾರಾ? ನಾನು ಕೇಳಿಲ್ಲ. ನನಗೆ ನೆನಪಿರುವ ಮಟ್ಟಿಗೆ ಇಲ್ಲ.

ಇವತ್ತು ಅಷ್ಟಕ್ಕೇ ನಿಲ್ಲಿಸುತ್ತೇನೆ. ಕೈ ನೋಯುತ್ತಿದೆ. ಗಾಳಿ ಇನ್ನೂ ನಿಂತಿಲ್ಲ.

ಜೂನ್ ೧೦, ಮಂಗಳವಾರ

ಅಕ್ಕಾ,

ಇಷ್ಟು ಹೊತ್ತಿಗೆ ನಿನಗೆ ಎಲ್ಲ ಗೊತ್ತಾಗಿರುತ್ತದೆ. ನಿನ್ನೆ ಸಂಜೆಯಿಂದ ನೀನು ಫೋನ್ ತೆಗೆಯುತ್ತಿಲ್ಲ. ತೆಗೆಯದಿದ್ದದ್ದೇ ಸರಿ. ಆದರೆ ಅಪ್ಪ ನಿನಗೆ ಹೇಗೆ ಹೇಳಿದರೋ, ಎಷ್ಟು ಹೇಳಿದರೋ ನನಗೆ ತಿಳಿಯದು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನೆ ತರಗತಿ ಮುಗಿದ ಮೇಲೆ ಮನೆಗೆ ಫೋನ್ ಮಾಡಿದೆ. ನನ್ನ ವಿಷಯ ಮಾತ್ರ ಹೇಳಬೇಕು ಅಂತಲೇ ಮಾಡಿದ್ದು, ದೇವರಾಣೆ. ಅಪ್ಪನೇ ತೆಗೆದರು.

"ರೊನ್ಯಾ ತೋಟದಲ್ಲಿದಾಳೆ. ಆಮೇಲೆ ಮಾಡು."

"ಅವಳ ಹತ್ರ ಅಲ್ಲಪ್ಪಾ. ನಿಮ್ಮ ಹತ್ರಾನೇ ಮಾತಾಡ್ಬೇಕು."

"ದುಡ್ಡೇನಾದ್ರೂ ಬೇಕಾ?"

"ಬೇಡ. ನಾನು ಕೊಯ್ಲಿಗೆ ಬರಲ್ಲ."

ಹಿಂದೆ ನೀರಿನ ಪಂಪು ಓಡುತ್ತಿತ್ತು. ಅವರು ಹೋಗಿ ಅದನ್ನು ನಿಲ್ಲಿಸಿ ಬಂದರು.

"ಕೊಯ್ಲು ಮುಗಿದ್ ಮೇಲೆ ಬರ್ತೀಯಾ?"

"ಆಗ್ಲೂ ಬರಲ್ಲಪ್ಪಾ. ನಂಗೆ ಅಲ್ಲಿ ಆಗಲ್ಲ."

ಕಿರುಚುತ್ತಾರೆ ಅಂತ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದೆ. ಕಿರುಚಲಿಲ್ಲ. ತುಂಬ ಸಮಾಧಾನದಿಂದ, ಹಾಲಿನ ಲೆಕ್ಕ ಹೇಳುವ ಹಾಗೆ ಅಂದರು, "ಪರವಾಗಿಲ್ಲ ಬಿಡು. ರೊನ್ಯಾ ಇದಾಳೆ."

ನಾನು ಬಾರಿನಲ್ಲಿ ಚಾನೊಗೆ ಹೇಳಿದ ಮಾತೇ ಅದು, ಅಕ್ಕಾ. ಅದೇ ಧಾಟಿ. ನನ್ನ ಬಾಯಿಂದ ಬಂದಾಗ ನನಗೆ ಕೇಳಿಸಿರಲಿಲ್ಲ, ಅಪ್ಪನ ಬಾಯಿಂದ ಬಂದಾಗ ಕೇಳಿಸಿತು. ಆಗ ಬಾಯಿ ತಪ್ಪಿ ಹೇಳಿದೆ ಅಂತ ಬರೆದರೆ ನೀನು ಕ್ಷಮಿಸಿಬಿಡುತ್ತೀಯ. ಬಾಯಿ ತಪ್ಪಲಿಲ್ಲ. ಬೇಕು ಅಂತಲೇ ಹೇಳಿದೆ.

"ರೊನ್ಯಾನೂ ಇರಲ್ಲಪ್ಪಾ."

"ಅಂದ್ರೆ?"

"ಸೆಪ್ಟೆಂಬರ್‌ನಿಂದ ಅವಳು ಸರಕು ಹಡಗಲ್ಲಿ ಕೆಲಸ ಕಲಿಯೋಕೆ ಸೇರ್ತಿದಾಳೆ. ಎಲ್ಲಾ ನಿಶ್ಚಯ ಆಗಿದೆ. ನಾನು ಬಂದ್ಮೇಲೆ ನಿಮ್ಗೆ ಹೇಳೋಣ ಅಂತಿದ್ಳು."

"ಹಡಗಲ್ಲಾ?" ಅಂದರು. ಆಮೇಲೆ, "ಅವಳಿಗೆ ಈಜೋಕೇ ಬರಲ್ಲ."

"ಬರತ್ತೆ ಅಪ್ಪಾ. ಹೋದ್ವರ್ಷ ಕಲ್ತಳು. ಭಾನುವಾರ ಭಾನುವಾರ ಹೋಗ್ತಿದ್ಳಲ್ಲ."

"ಚರ್ಚಿಗ್ ಹೋಗ್ತಾಳೆ ಅಂದ್ಕೊಂಡಿದ್ದೆ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಪಕ್ಕದ ತೋಟದ ವೆಂಡೆಲಿನ್ ಎಷ್ಟು ವರ್ಷದಿಂದ ನಮ್ಮ ತೋಟವನ್ನು ಗುತ್ತಿಗೆಗೆ ಕೇಳುತ್ತಿದ್ದಾನೆ, ಕೊಟ್ಟುಬಿಡಿ, ನಿಮ್ಮ ಭುಜಕ್ಕೂ ವಿಶ್ರಾಂತಿ ಅಂದೆ. "ಅವನು ನನ್ ಬಳ್ಳೀನ ಕುರಿ ಉಣ್ಣೆ ಕತ್ತರಿಸ್ದಂಗೆ ಕತ್ತರಿಸ್ತಾನೆ" ಅಂದರು. ಅಷ್ಟರಲ್ಲಿ ಅವರ ದನಿ ಸಣ್ಣದಾಗಿತ್ತು. "ನಿಂಗೆಲ್ಲಾ ಗೊತ್ತಿತ್ತು" ಅಂದರು. ಹೂಂ ಅಂದೆ. "ನಿಮ್ಮಮ್ಮಂಗೆ?" ಅಮ್ಮನಿಗೂ ಗೊತ್ತು ಅಂದೆ. ಫೋನ್ ಇಟ್ಟುಬಿಟ್ಟರು.

ನಿನ್ನ ಗುಟ್ಟನ್ನು ನಿನ್ನನ್ನು ಕೇಳದೆ ಹೇಳಿಬಿಟ್ಟೆ. ಅಮ್ಮನನ್ನೂ ಸಿಕ್ಕಿಸಿದೆ. ನೀನೇ ಒಂದು ಒಳ್ಳೆಯ ಹೊತ್ತು ನೋಡಿ, ಅಪ್ಪನ ಪಕ್ಕ ಕೂತು, ನಿಧಾನವಾಗಿ ಹೇಳಬೇಕು ಅಂತ ಇದ್ದೆ. ಆ ಹೊತ್ತನ್ನು ನಾನು ಕಿತ್ತುಕೊಂಡೆ. ಮತ್ತೆ ಯಾರನ್ನೂ ಕೇಳದೆ ಕೈ ಹಾಕಿದೆ. ಬೈಯಬೇಕಾದರೆ ಇದಕ್ಕೆ ಬೈಯಿ, ಎಷ್ಟು ಬೇಕಾದರೂ. ಆದರೆ ಅದನ್ನು ಸರಿಮಾಡಲು ಹೋಗಿ, "ಅವನು ಸುಮ್ನೆ ಹೇಳ್ದ ಅಪ್ಪಾ, ನಾನೆಲ್ಲೂ ಹೋಗಲ್ಲ" ಅಂತ ಮಾತ್ರ ಅನ್ನಬೇಡ. ನೀನು ಅನ್ನುತ್ತೀಯ ಅಂತಲೇ ನನಗೆ ನಿನ್ನೆಯಿಂದ ಊಟ ಸೇರುತ್ತಿಲ್ಲ. ರೆಮೆ ತಟ್ಟೆ ನೋಡಿ, "ಇದೇನ್ ರಾಜಾ, ನನ್ ಅಡುಗೆ ಬೇಜಾರಾಯ್ತಾ?" ಅಂತ ಮುಖ ಸಣ್ಣ ಮಾಡಿಕೊಂಡಿದ್ದಾರೆ.

ಅಪ್ಪ ಈಗ ಮಾತು ಬಿಟ್ಟಿರುತ್ತಾರೆ. ಮೌನವಾಗಿ ಬಾಗಿಲು ಹಾಕುತ್ತಾರೆ, ಮೌನವಾಗಿ ಸೂಪು ಕುಡಿಯುತ್ತಾರೆ. ನಿನಗೆ ಅದು ನೋಡಲಾಗುವುದಿಲ್ಲ, ಗೊತ್ತು. ಮೂರನೇ ದಿನಕ್ಕೆ ನೀನು ಕರಗುತ್ತೀಯ. ಕರಗಬೇಡ ಅಕ್ಕಾ. ಅವರಿಗೆ ಅಮ್ಮ ಇದ್ದಾರೆ, ಊರ ತುಂಬ ಸ್ನೇಹಿತರಿದ್ದಾರೆ, ತೋಟ ಗುತ್ತಿಗೆಗೆ ಹೋದರೂ ದಿನಾ ಹೋಗಿ ವೆಂಡೆಲಿನ್‌ಗೆ ತಪ್ಪು ತೋರಿಸಿ ಬೈಯಬಹುದು. ಅದು ಅವರಿಗೆ ಹಿಡಿಸಲೂಬಹುದು.

ಗುರುವಾರ ಬರೆದ ಪುಟಗಳನ್ನು ಹರಿದುಹಾಕೋಣ ಅಂದುಕೊಂಡೆ. ಹರಿಯಲಿಲ್ಲ. ನಾನು ನಿನ್ನಿಂದ ಏನು ಕೇಳಲು ಹೊರಟಿದ್ದೆ ಅಂತ ನಿನಗೆ ಗೊತ್ತಿರಲಿ. ಹಡಗಿನವರನ್ನು ಕಾಯಿರಿ ಅಂತ ಕೇಳಬೇಡ. ಕೇಳಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ, ಸೆಪ್ಟೆಂಬರಿಗೇ ಬರುತ್ತೇನೆ ಅಂತ ಹೇಳು.

ಈ ಕಾಗದಕ್ಕೆ ಉತ್ತರ ಬರೆಯುವುದಾದರೆ ಬೈದು ಬರೆ. "ಆಯ್ತು" ಅಂತ ಮಾತ್ರ ಬರೆಯಬೇಡ.

ನಿನ್ನ ತಮ್ಮ,
ಕಿಲಿಯನ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಎವಾರಿಸ್ತೊ ನನ್ನನ್ನು ಒಂದು ವರ್ಷ ಇರು ಅಂದರು ಅಂತ ಬರೆದೆನಲ್ಲ, ಅದು ಸುಳ್ಳು. ಇರುತ್ತೇನೆ ಅಂತ ಕೇಳಿದವನು ನಾನು. "ಕೊಯ್ಲಿಗೆ ಕೂಲಿಗ್ ಬಾ. ಆಮೇಲಿಂದು ನಂಗ್ ಗೊತ್ತಿಲ್ಲಪ್ಪಾ" ಅಂದರು, ಅಷ್ಟೇ. ಕೆಲಸ ಅಂದರೆ ನೀನು ಬೇಗ ಒಪ್ಪುತ್ತೀಯ ಅಂತ ಹಾಗೆ ಬರೆದೆ. ಅಪ್ಪನಿಗೆ ಇದನ್ನು ಹೇಳಬೇಡ. ಮಗ ಯಾವುದೋ ಒಳ್ಳೆಯ ಕೆಲಸಕ್ಕೆ ಹೋದ ಅಂತ ಅವರು ವೆಂಡೆಲಿನ್ ಮುಂದೆ ಹೇಳಿಕೊಳ್ಳಲಿ. ನಿನಗೂ ಹೇಳಬಾರದು ಅಂತಿದ್ದೆ. ಇಲ್ಲಿನ ಕೊಯ್ಲು ಮುಗಿದ ಮೇಲೆ ನನಗೆ ಕೆಲಸವೇನೂ ಇಲ್ಲ ಅಂತ ಗೊತ್ತಾದರೆ, ಇವನು ಸೋತು ಮನೆಗೆ ಬರಬಹುದು, ಬಂದಾಗ ಬಾಗಿಲು ತೆಗೆಯಲು ಒಬ್ಬರು ಇರಬೇಕು ಅಂತ ನೀನು ಅಲ್ಲೇ ಕೂತುಬಿಡುತ್ತೀಯ. ಆದರೂ ನಿನ್ನನ್ನು ಸುಳ್ಳು ಹೇಳಿ ಕಳಿಸಬಾರದು ಅನ್ನಿಸಿತು. ನಾನು ಸೋತರೂ ಸೋಲಬಹುದು. ಆಗ ಅಪ್ಪನೇ ಬಾಗಿಲು ತೆಗೆಯಲಿ. ನೀನು ನದಿಯಲ್ಲಿರು.